ಖಾಲಿ ಪೈಪಿನೊಳಗಿನ ಹಗ್ಗ

ನನ್ನ ಓರಗಿತ್ತಿಯನ್ನು ಸುತ್ತಲಿನ ಬೀದಿಗಳೆಲ್ಲ ಕೇಬಲ್ ಅಕ್ಕ ಎಂದೇ ಕರೆಯುತ್ತವೆ. ನನಗೆ ಅವಳು ಬರೀ ಅಕ್ಕ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅವಳು ಅಲ್ಲಿ ಬೇರು ಬಿಟ್ಟಾಗಿತ್ತು. ಟಿವಿ ಕೇಬಲ್ ವ್ಯಾಪಾರ ಶುರು ಮಾಡಿದ್ದು ಭಾವನವರು. ಅದು ಇಂಟರ್ನೆಟ್ ವ್ಯಾಪಾರವಾಗಿ ಕೈ ಹಿಡಿಯುವ ಹೊತ್ತಿಗೆ ಅವರು ಎದೆನೋವೆಂದು ಮಲಗಿ ಮತ್ತೆ ಏಳಲೇ ಇಲ್ಲ. ಅಲ್ಲಿಂದ ಮುಂದೆ ಎಲ್ಲವನ್ನೂ ನಡೆಸಿದವಳು ಅಕ್ಕ. ವೈರು ಎಳೆಯುವುದು, ಜೋಡಿಸುವುದು ನನ್ನ ಗಂಡ. ಫೋನ್ ಎತ್ತುವುದು ನಾನು. ಹೊಗಳಿಕೆ ಅವಳಿಗೆ, ಬೈಗುಳ ನನಗೆ ಎಂದು ನಾನು ಆಗಾಗ ಗೊಣಗುತ್ತೇನೆ. ಅವಳು ಕೇಳಿಸದವಳ ಹಾಗೆ ಇರುತ್ತಾಳೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವಳ ಜೊತೆ ಬಾಳುವುದು ಸುಲಭವಲ್ಲ. ಹಠದಲ್ಲಿ ಅವಳದು ಎತ್ತಿದ ಕೈ. ಒಂದು ಕೆಲಸವನ್ನು ಚೆನ್ನಾಗಿ ಮಾಡಿ ಮುಗಿಸಿದೆವು ಅನ್ನಿ, ಭೇಷ್ ಅನ್ನುವುದಿಲ್ಲ, "ಹೂಂ, ಮುಂದಿನದು ಯಾವುದು?" ಅನ್ನುತ್ತಾಳೆ. ಮೆಟ್ಟಿಲ ಕೆಳಗೆ ವೈರಿನ ಉರುಳೆಗಳನ್ನು ಪೇರಿಸಿಟ್ಟು ಅತ್ತೆಗೆ ಓಡಾಡಲು ಜಾಗವಿಲ್ಲದಂತೆ ಮಾಡಿ, ಅತ್ತೆ ಕೂಗಾಡಿದರೆ "ನಿಮ್ಮ ಮಗನದೇ ವ್ಯಾಪಾರ" ಎಂದು ಅವರ ಬಾಯಿ ಮುಚ್ಚಿಸುತ್ತಾಳೆ. ಮನೆಯ ಕೆಳಗಿನ ಇಕ್ಕಟ್ಟಾದ ಕೋಣೆಯೇ ನಮ್ಮ ಆಫೀಸು. ಗೋಡೆಗೆ ಮಿಣಮಿಣ ಎನ್ನುವ ಪೆಟ್ಟಿಗೆಗಳು, ಬೆರಳಚ್ಚು ಮೆತ್ತಿದ ಗಾಜಿನ ಬಾಗಿಲು, ನನ್ನ ಮೇಜು, ನನ್ನ ಫೋನು. ಆರು ಬೀದಿಯ ಜನ ಅಲ್ಲಿಗೆ ಬಂದು ಹೋಗುತ್ತಿದ್ದರು.

ಆ ಆರು ಬೀದಿಗಳ ಹಿಂದೆ ಇಳಿಜಾರಿನಲ್ಲಿ ಒಂದು ದೊಡ್ಡ ಬಯಲಿತ್ತು. ಅಲ್ಲಿ ಹೊಸ ಬಡಾವಣೆ ಏಳತೊಡಗಿತು. ಎರಡಂತಸ್ತಿನ ಮನೆಗಳು, ಎಲ್ಲವೂ ಅಚ್ಚು ಹೊಯ್ದಂತೆ ಒಂದೇ ಥರ. ನಮ್ಮ ಬೀದಿಯವರೇ ಎಷ್ಟೋ ಮಂದಿ ಅಲ್ಲಿ ಮನೆ ಬುಕ್ ಮಾಡಿದರು. ಫೋನಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಅಲ್ಲೂ ನಿಮ್ಮದೇ ನೆಟ್ ಇರುತ್ತೆ ತಾನೆ?" ನಾನು "ಇಲ್ಲದೆ ಏನು?" ಎಂದುಬಿಡುತ್ತಿದ್ದೆ. ಆದರೆ ಎದೆಯೊಳಗೆ ಪುಕಪುಕ. ಇವರೆಲ್ಲ ಅತ್ತ ಹೋಗಿ, ನಮಗೆ ಅಲ್ಲಿ ಕಾಲಿಡಲು ಬಿಡದಿದ್ದರೆ ಈ ಕೋಣೆಗೆ ಬೀಗ ಹಾಕಬೇಕಾಗಿತ್ತು. ನಾಲ್ಕು ಜನರ ಊಟ ಬರುತ್ತಿದ್ದುದು ಇದೊಂದರಿಂದಲೇ.

ಕಾಲಿಡುವುದಕ್ಕೂ ಒಂದು ಹೊತ್ತಿದೆ. ಹೊಸ ಬಡಾವಣೆಯಲ್ಲಿ ರಸ್ತೆಗೆ ಟಾರು ಹಾಕುವ ಮೊದಲು ಪಕ್ಕದಲ್ಲಿ ಕಾಲುವೆ ತೋಡುತ್ತಾರೆ. ನೀರಿನ ಪೈಪು, ಕರೆಂಟಿನ ಕೇಬಲ್ಲು, ನೆಟ್ಟಿನ ಪೈಪು ಎಲ್ಲವೂ ಅದರೊಳಗೆ. ಮಣ್ಣು ಮುಚ್ಚಿ, ಮೇಲೆ ಟಾರು ಬಿದ್ದು, ರೋಲರ್ ಉರುಳಿದ ಮೇಲೆ ಆ ರಸ್ತೆಯನ್ನು ಅಗೆಯಲು ಯಾರೂ ಬಿಡುವುದಿಲ್ಲ. ಕಾಲುವೆಯಲ್ಲಿ ಇದ್ದವನು ಒಳಗೆ, ಇಲ್ಲದವನು ಹೊರಗೆ. ಕಾಲುವೆ ಬಿಲ್ಡರನದು. ಹಾಗಾಗಿ ಕಂಪನಿಗಳು ಮನೆಯವರನ್ನು ಬಿಟ್ಟು ಬಿಲ್ಡರನ ಹಿಂದೆ ಬೀಳುತ್ತವೆ. "ಪೈಪು, ವೈರು ಎಲ್ಲ ನಮ್ಮ ಖರ್ಚು. ಪ್ರತಿ ಮನೆಯ ಮೇಲೂ ನಿಮಗೊಂದು ಪಾಲು. ಹದಿನೈದು ವರ್ಷ ನಮ್ಮನ್ನು ಬಿಟ್ಟು ಇನ್ನೊಬ್ಬರು ಬರಕೂಡದು" ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. ಕಳ್ಳತನವೇನಲ್ಲ, ಈ ವ್ಯಾಪಾರ ನಡೆಯುವುದೇ ಹಾಗೆ. ಮನೆ ಕೊಂಡವನಿಗೆ ಮಾತ್ರ ಗೃಹಪ್ರವೇಶವಾದ ಮೇಲೆ ತಿಳಿಯುತ್ತದೆ, ತನಗಿರುವುದು ಒಂದೇ ಬಾಗಿಲು ಎಂದು. ನಮ್ಮ ಬಿಲ್ಡರನ ಮೇಜಿನ ಮೇಲೂ ಒಂದು ದೊಡ್ಡ ಕಂಪನಿಯ ಅಂಥದ್ದೇ ಒಪ್ಪಂದ ಸಹಿಗೆ ಕಾದಿತ್ತು.

ಅಕ್ಕ ಅವನ ಬಾಗಿಲಿಗೆ ಹೋದಳು. ನಾನೂ ಜೊತೆಗಿದ್ದೆ. ತಗಡಿನ ಡಬ್ಬದಂಥ ಆಫೀಸು, ನೆಲದ ತುಂಬ ಬೂಟಿನ ಕೆಸರು. ಪಕ್ಕದಲ್ಲೇ ಗಿರಾಕಿಗಳಿಗೆ ತೋರಿಸಲು ಕಟ್ಟಿದ ಮಾದರಿ ಮನೆ. ಅದರ ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಹಣ್ಣು. ಬಿಲ್ಡರ್ ಒಳ್ಳೆಯ ಮಾತಿನವನು. ಬೇಡ ಎನ್ನುವುದನ್ನೂ ಬೆಣ್ಣೆ ಸವರಿಯೇ ಹೇಳುತ್ತಿದ್ದ.

"ನಿಮ್ಮ ಬಗ್ಗೆ ಗೌರವ ಇದೆ ಮೇಡಂ. ಆದ್ರೆ ಅವರು ದೊಡ್ಡವರು. ನೋಡೋಣ."

"ನೋಡಿ. ನಾನು ನಾಳೆ ಬರ್ತೀನಿ" ಎಂದಳು ಅಕ್ಕ.

ಮರುದಿನ ಹೋದಳು. ಅದರ ಮರುದಿನವೂ ಹೋದಳು. ಅವನು ಇಲ್ಲವೆಂದರೆ ಕಾಲುವೆಯ ಅಂಚಿನಲ್ಲಿ ಕೊಡೆ ಬಿಚ್ಚಿಕೊಂಡು ನಿಂತಳು. ಕೆಲಸದವರಿಗೇ ಪಾಪ ಅನ್ನಿಸಿ ಕೂರಲು ಒಂದು ಸಿಮೆಂಟಿನ ಇಟ್ಟಿಗೆ ಕೊಟ್ಟರು. ಆಮೇಲೆ ಆ ಇಟ್ಟಿಗೆಗೆ "ಅಕ್ಕನ ಕುರ್ಚಿ" ಎಂದೇ ಹೆಸರು ಬಿತ್ತು. ಆಫೀಸಿನಲ್ಲಿ ನೆಟ್ ಸರಿಯಿಲ್ಲವೆಂದು ಬಿಲ್ಡರ್ ಒಮ್ಮೆ ಗೊಣಗಿದ್ದನ್ನು ಕೇಳಿಸಿಕೊಂಡು, ಬೇಲಿಯ ಕಂಬಗಳಿಗೆ ವೈರು ಕಟ್ಟಿ ಅಲ್ಲಿಗೆ ಪುಕ್ಕಟೆಯಾಗಿ ಒಂದು ಲೈನ್ ಎಳೆಸಿದಳು. ನನಗೆ ಪಿತ್ತ ನೆತ್ತಿಗೇರಿತು. "ಇನ್ನೇನು, ಅವನ ಮನೆಯಲ್ಲಿ ಪಾತ್ರೆಯನ್ನೂ ತೊಳೆದುಕೊಡು" ಎಂದೆ. "ಅಗತ್ಯ ಬಿದ್ರೆ ನಿನ್ನನ್ನು ಕಳಿಸ್ತೀನಿ" ಎಂದಳು.

ಹೀಗೆ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ಬಿಲ್ಡರನೇ ನಮ್ಮ ಗಾಜಿನ ಬಾಗಿಲು ತಳ್ಳಿಕೊಂಡು ಬಂದ. ನಾನು ಕುರ್ಚಿಯನ್ನು ಸೆರಗಿನಿಂದಲೇ ಒರೆಸಿ ಕೊಟ್ಟೆ. ಆದದ್ದಿಷ್ಟು. ಅರ್ಧ ಮನೆಗಳು ತುಂಬಿದ ಮೇಲೆಯೇ ನೆಟ್ ಶುರು ಮಾಡುತ್ತೇವೆ ಎಂದು ದೊಡ್ಡ ಕಂಪನಿ ಹೇಳಿತ್ತು. ಮೊದಲು ಬಂದ ಮನೆಗಳವರು ಅಲ್ಲಿಯವರೆಗೆ ಏನು ಮಾಡಬೇಕು? ನೆಟ್ ಇಲ್ಲದ ಮನೆಗೆ ಯಾರು ಬರುತ್ತಾರೆ? ಬಿಲ್ಡರನಿಗೆ ತಲೆ ಕೆಟ್ಟಿತ್ತು.

"ನೀವು ಮೊದಲ ಮನೆಯಿಂದಲೇ ಕೊಡ್ತೀರಾ?" ಎಂದು ಕೇಳಿದ.

"ಮೊದಲ ಮನೆಗೆ ದೀಪ ಹತ್ತಿದ ದಿನವೇ ಕೊಡ್ತೀನಿ."

"ಹಾಗಾದ್ರೆ ಮುಗೀತು. ಅವರಿಗೆ ಕೊಡಬೇಕು ಅಂದ್ಕೊಂಡಿದ್ದನ್ನ ನಿಮಗೇ ಕೊಡ್ತೀನಿ. ಹದಿನೈದು ವರ್ಷ ನಿಮ್ಮನ್ನು ಬಿಟ್ಟು ಒಂದು ನೊಣವೂ ಒಳಗೆ ಬರಲ್ಲ. ನನ್ನ ಪಾಲು ನನಗೆ ಬಂದ್ರೆ ಸಾಕು."

ಒಳಗೆ ವೈರು ಸುಲಿಯುತ್ತಿದ್ದ ನನ್ನ ಗಂಡನ ಕೈ ನಿಂತಿತು. ನನಗಂತೂ ಕುಣಿಯುವ ಹಾಗಾಯಿತು. ಇಡೀ ಬಡಾವಣೆ ನಮ್ಮೊಬ್ಬರದೇ! ನಾನು ಟೀ ತರಲು ಎದ್ದೆ.

"ನಿಮಗೆ ಪಾಲೂ ಬೇಡ, ನನಗೊಬ್ಬಳಿಗೇ ಹಕ್ಕೂ ಬೇಡ" ಎಂದಳು ಅಕ್ಕ. "ಪೈಪು ನೀವು ತಂದುಕೊಡಿ. ಹಾಕುವ ಕೆಲಸ ನಮ್ಮದು, ಕೂಲಿ ಕೇಳಲ್ಲ. ಆದ್ರೆ ಆ ಪೈಪು ನಿಮ್ಮದೂ ಆಗಬಾರದು, ನನ್ನದೂ ಆಗಬಾರದು. ಅಲ್ಲಿ ವಾಸ ಮಾಡುವವರ ಸಂಘದ್ದಾಗಬೇಕು. ಒಳಗೆ ಯಾರು ಬೇಕಾದ್ರೂ ವೈರು ಎಳೀಲಿ. ಅವರೂ ಬರಲಿ, ನಾನೂ ಬರ್ತೀನಿ. ಜನ ಯಾರನ್ನು ಬೇಕಾದ್ರೂ ಇಟ್ಕೊಳ್ಳಲಿ."

ಬಿಲ್ಡರ್ ಅವಳ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಅವನಿಗೆ ಸಮಾಧಾನ ಸಿಕ್ಕಿರಲಾರದು. "ಅದರಲ್ಲಿ ನನಗೇನು ಬಂತು?" ಎಂದ.

"ಮನೆ ಮಾರಾಟ ಆಗುತ್ತೆ. ಎರಡನೇ ಹಂತ ಕಟ್ಟೋವಾಗ ಯಾರ ಕಾಲೂ ಹಿಡಿಯಬೇಕಾಗಿಲ್ಲ."

"ನೀವು ವ್ಯಾಪಾರ ಮಾಡೋಕೆ ಬಂದಿದ್ದೀರೋ, ಸಮಾಜಸೇವೆ ಮಾಡೋಕೆ ಬಂದಿದ್ದೀರೋ?" ಎಂದು ಎದ್ದು ಹೋದ. ಟೀ ಲೋಟ ನನ್ನ ಕೈಯಲ್ಲೇ ಉಳಿಯಿತು.

ಅಂದು ಮನೆಯಲ್ಲಿ ನಡೆದ ಜಗಳವನ್ನು ಪೂರ್ತಿ ಬರೆದರೆ ಚೆನ್ನಾಗಿರುವುದಿಲ್ಲ. ನನ್ನ ಗಂಡ ಎಂದೂ ಅತ್ತಿಗೆಗೆ ಎದುರಾಡಿದವರಲ್ಲ, ಅಂದು ತಟ್ಟೆ ಬಿಟ್ಟು ಎದ್ದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ಬಾಗಿಲಿಗೆ ಬಂದ ಅನ್ನಾನ ಒದ್ದೆಯಲ್ಲ ಅಕ್ಕಾ! ಅವನು ಆ ದೊಡ್ಡವರಿಗೇ ಕೊಟ್ಟರೆ ಏನ್ ಮಾಡ್ತೀಯ? ನಾವೇನು ಗಾಳಿ ಕುಡಿದು ಬದುಕೋದಾ?"

ಅವಳು ತಟ್ಟೆ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು ಕೂತಳು.

"ನನ್ನ ತವರಿನ ಕಟ್ಟಡದಲ್ಲಿ ನಲ್ಲಿ ಇರಲಿಲ್ಲ" ಎಂದಳು. "ನೀರಿನ ಟ್ಯಾಂಕರಿನವನು ಒಬ್ಬನೇ. ಕಟ್ಟಡದ ಯಜಮಾನನಿಗೂ ಅವನಿಗೂ ಒಪ್ಪಂದ, ಇನ್ನೊಬ್ಬನನ್ನು ಗೇಟಿನೊಳಗೆ ಬಿಡ್ತಿರಲಿಲ್ಲ. ಅವನು ಬಂದಾಗ ನೀರು. ಕೊಟ್ಟಷ್ಟು ನೀರು. ನೀರಲ್ಲಿ ತುಕ್ಕು ಇರ್ತಿತ್ತು. ನಮ್ಮಮ್ಮ ಬಿಂದಿಗೆ ಹಿಡ್ಕೊಂಡು ಅವನ ಮುಂದೆ ನಿಂತು ನಗ್ತಿದ್ದಳು. ಮನೇಲಿ ನಮ್ಮ ಹತ್ರ ನಗದೇ ಇರೋಳು ಅವನನ್ನು ನೋಡಿದ ಕೂಡಲೇ ಹಲ್ಲು ಕಿರಿದು ನಗೋಳು. ಅವನಿಗೆ ಸಿಟ್ಟು ಬಂದ್ರೆ ನಾಳೆ ನೀರಿಲ್ಲ ನೋಡು. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟುತ್ತೆ." ನನ್ನ ಗಂಡ ಬಿಟ್ಟೆದ್ದ ತಟ್ಟೆಯನ್ನು ಹತ್ತಿರಕ್ಕೆ ಎಳೆದು ಮುಚ್ಚಿಟ್ಟಳು. "ನನ್ನ ಮುಂದೆ ಯಾರೂ ಹಾಗೆ ನಗಬಾರದು ಕಣೇ. ಬೇಡವಾದ್ರೆ ಬೇಡ ಅಂತ ಹೋಗೋ ಹಾಗಿರಬೇಕು. ಹಾಗಿದ್ದೂ ನನ್ನ ಹತ್ರ ಉಳಿದ್ರೆ ಅವರು ಗಿರಾಕಿಗಳು."

ಅವಳ ಮಾತು ನನಗೆ ಅರ್ಥವಾಯಿತು. ಸಿಟ್ಟು ಮಾತ್ರ ಇಳಿದಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ಮಾತಿನಿಂದ ಸಿಟ್ಟು ಇಳಿಯುವುದು ಬೇರೆಯವರ ಮನೆಗಳಲ್ಲಿ ಇರಬಹುದು.

ಬಿಲ್ಡರ್ ಮತ್ತೆ ದೊಡ್ಡ ಕಂಪನಿಯವರ ಜೊತೆ ಮಾತಿಗೆ ಕೂತನೆಂದು ಸುದ್ದಿ ಬಂತು. ಕಾಲುವೆಯಲ್ಲಿ ನೀರಿನ ಪೈಪು ಇಳಿಯಿತು, ಕರೆಂಟಿನ ಕೇಬಲ್ ಇಳಿಯಿತು. ಇನ್ನು ಮಣ್ಣು ಮುಚ್ಚುವುದೊಂದೇ ಬಾಕಿ. ಅಕ್ಕ ಮಾತ್ರ ದಿನವೂ ಹೋಗಿ ತನ್ನ ಸಿಮೆಂಟಿನ ಇಟ್ಟಿಗೆಯ ಮೇಲೆ ಕೂತು ಬರುತ್ತಿದ್ದಳು. ಬಿಲ್ಡರ್ ಕಂಡರೂ ಕಾಣದವನಂತೆ ಕಾರು ಹತ್ತುತ್ತಿದ್ದ.

"ಅವನ ಆಫೀಸಿನ ಲೈನ್ ಕಿತ್ತುಹಾಕು. ಒಂದೇ ದಿನಕ್ಕೆ ಓಡಿಬರ್ತಾನೆ" ಎಂದು ನಾನು ಉಪಾಯ ಹೇಳಿಕೊಟ್ಟೆ. ನನಗೆ ಅದು ಬಹಳ ಜಾಣ ಉಪಾಯವೆಂದೇ ಕಂಡಿತ್ತು.

"ಲೈನ್ ಕಿತ್ತು ಹೆದರಿಸೋಳಾಗಿದ್ರೆ ಅವನು ಕೊಟ್ಟಿದ್ದನ್ನೇ ತಗೋತಿದ್ದೆ" ಎಂದಳು. ಮರುದಿನ ಗಾಳಿಗೆ ಬೇಲಿಯ ಕಂಬ ವಾಲಿ ಆ ಲೈನು ಕಡಿದು ಬಿತ್ತು. ದೇವರೇ ನನ್ನ ಪರ ಇದ್ದಾನೆಂದು ನಾನು ಹಿಗ್ಗಿದೆ. ಅವಳು ನನ್ನ ಗಂಡನನ್ನು ಕರೆದುಕೊಂಡು ಹೋಗಿ ಊಟದ ಹೊತ್ತಿನೊಳಗೆ ಸರಿಮಾಡಿಸಿ ಬಂದಳು.

ಆ ಭಾನುವಾರ ಬಿಲ್ಡರ್ ಮನೆ ಬುಕ್ ಮಾಡಿದವರನ್ನೆಲ್ಲ ಮಾದರಿ ಮನೆಗೆ ಕರೆದಿದ್ದ. ಬಂದವರಲ್ಲಿ ಅರ್ಧ ನಮ್ಮ ಬೀದಿಯವರೇ. ನಾವಿಬ್ಬರೂ ಕರೆಯದಿದ್ದರೂ ಹೋಗಿ ಹಿಂದೆ ಗೋಡೆಗೆ ಒರಗಿ ನಿಂತೆವು. ಉದ್ಯಾನ, ಗೇಟು, ಕಾವಲು ಎಲ್ಲ ಹೇಳಿ ಮುಗಿಸಿ ಬಿಲ್ಡರ್ ನೆಟ್ಟಿನ ವಿಷಯಕ್ಕೆ ಬಂದ. ಒಂದು ಹೆಸರಾಂತ ಕಂಪನಿಯ ಜೊತೆ ಹದಿನೈದು ವರ್ಷದ ಮಾತುಕತೆ ಆಗುತ್ತಿದೆ, ಅವರೊಬ್ಬರೇ ಎಲ್ಲವನ್ನೂ ನೋಡಿಕೊಳ್ಳುತ್ತಾರೆ ಎಂದ.

ಮುಂದಿನ ಸಾಲಿನಿಂದ ಒಬ್ಬರು ಎದ್ದರು. ದೂರಿನ ಮೇಷ್ಟ್ರು! ಗಣಿತ ಹೇಳಿಕೊಟ್ಟು ನಿವೃತ್ತರಾದವರು. ವಾರಕ್ಕೊಮ್ಮೆ ಫೋನ್ ಮಾಡಿ ನನ್ನ ಪ್ರಾಣ ಹಿಂಡುವವರು. ನೆಟ್ ನಿಧಾನ ಎಂದು ಬೈಯುತ್ತಾರೆ. ಸರಿಯಾದರೆ ಇಷ್ಟು ದಿನ ಯಾಕೆ ಸರಿಯಿರಲಿಲ್ಲ ಎಂದು ಬೈಯುತ್ತಾರೆ. ಈಗ ಎಲ್ಲರೆದುರು ನಮ್ಮ ಮಾನ ಕಳೆಯುತ್ತಾರೆಂದು ನಾನು ತಲೆ ತಗ್ಗಿಸಿದೆ.

"ಅವರ ನೆಟ್ ಕೆಟ್ಟರೆ ನಾನೇನು ಮಾಡಬೇಕು?" ಎಂದು ಕೇಳಿದರು.

"ಕೆಡಲ್ಲ ಸಾರ್, ದೊಡ್ಡ ಕಂಪನಿ."

"ಕೆಟ್ಟರೆ ಅಂತ ಕೇಳಿದೆ. ಅಲ್ಲಿ ಹಿಂದೆ ನಿಂತಿದ್ದಾಳಲ್ಲ, ಆ ಹೆಣ್ಣುಮಗಳನ್ನ ನಾನು ವರ್ಷಗಟ್ಟಲೆ ಬೈತಾ ಬಂದಿದ್ದೀನಿ. ಬೈದ ದಿನವೇ ಬಂದು ಸರಿ ಮಾಡ್ತಾಳೆ. ಯಾಕೆ? ನಾನು ಬಿಟ್ಟು ಹೋಗಬಹುದು ಅಂತ ಅವಳಿಗೆ ಗೊತ್ತು. ಹೋಗೋಕೇ ಆಗಲ್ಲ ಅಂದ್ರೆ ನನ್ನ ಬೈಗುಳಕ್ಕೆ ಏನು ಬೆಲೆ? ನೀವು ನನಗೆ ಮನೆ ಮಾರ್ತಿದ್ದೀರೋ, ನನ್ನನ್ನೇ ಮಾರ್ತಿದ್ದೀರೋ?"

ಯಾರೋ ನಕ್ಕರು. ಆದರೆ ಆ ನಗೆ ಅಲ್ಲಿಗೇ ನಿಂತು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಮಗೂ ಹಾಗೇ ಅನ್ನಿಸುತ್ತದೆ, ನಮ್ಮನ್ನು ಕೇಳದೆ ಯಾಕೆ ಮಾಡುತ್ತೀರಿ, ಮನೆ ನಮ್ಮದು ತಾನೆ. ಬಿಲ್ಡರ್ ಕೈ ಎತ್ತಿ ಸುಮ್ಮನಿರಿಸಲು ನೋಡಿದ, ಆಗಲಿಲ್ಲ. ಕೊನೆಗೆ ಅಕ್ಕನತ್ತ ತಿರುಗಿ, "ನೀವೇ ಹೇಳಿ ಮೇಡಂ, ನಿಮ್ಮದೇನದು ಪೈಪಿನ ಕಥೆ" ಎಂದ.

ಅಕ್ಕ ಮುಂದೆ ಬಂದು ನಮ್ಮ ಆಫೀಸಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೊನೆಗೆ, "ನಾನೂ ಸರಿಯಿಲ್ಲ ಅನ್ನಿಸಿದ್ರೆ ನನ್ನ ವೈರನ್ನೂ ಎಳೆದು ಬಿಸಾಕಿ" ಎಂದಳು. ಜನ ತಲೆಯಾಡಿಸಿದರು. ಬಿಲ್ಡರ್ ವ್ಯಾಪಾರಸ್ಥ, ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಅವನಿಗೆ ತಿಳಿಯಿತು. "ಟಾರಿನ ಲಾರಿ ಬರುವಷ್ಟರಲ್ಲಿ ಹಾಕಿ ಮುಗಿಸಬೇಕು, ಒಂದು ದಿನವೂ ಕಾಯಲ್ಲ" ಎಂದ.

ಅಲ್ಲಿಂದ ಮುಂದಿನ ದಿನಗಳಲ್ಲಿ ನಾವು ಮನುಷ್ಯರಂತೆ ಇರಲಿಲ್ಲ. ನನ್ನ ಗಂಡ ಜಗಳ ಮರೆತು ಕಾಲುವೆಗೆ ಇಳಿದರು. ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟು ಪೈಪು ಹೊತ್ತೆ. ಫೋನ್ ಮಾಡಿದವರನ್ನೆಲ್ಲ ಅತ್ತೆ ತಾವೇ ಬೈದರೆಂದು ಆಮೇಲೆ ತಿಳಿಯಿತು. ರಸ್ತೆಯುದ್ದಕ್ಕೂ ಮೂರು ದಪ್ಪ ಪೈಪು, ಅಲ್ಲಲ್ಲಿ ಮುಚ್ಚಳದ ಗುಂಡಿ, ಗುಂಡಿಯಿಂದ ಪ್ರತಿ ಮನೆಯ ಗೋಡೆಗೂ ಎರಡು ತೆಳ್ಳನೆಯ ಪೈಪು. ಅಕ್ಕ ಪ್ರತಿಯೊಂದು ಪೈಪಿನೊಳಗೂ ಒಂದು ನೈಲಾನ್ ಹಗ್ಗ ಹಾಯಿಸಿ, ಎರಡು ತುದಿಗೂ ಗಂಟು ಹಾಕಿಸಿದಳು. ಖಾಲಿ ಪೈಪಿನಲ್ಲಿ ಹಗ್ಗವಿದ್ದರೆ ನಾಳೆ ಬರುವವನು ಅದರ ತುದಿಗೆ ವೈರು ಕಟ್ಟಿ ಆ ಕಡೆಯಿಂದ ಎಳೆದುಕೊಳ್ಳುತ್ತಾನೆ, ಅಗೆಯುವ ಕೆಲಸವೇ ಇಲ್ಲ. ಎಳೆಯುವವನು ವೈರಿನ ಜೊತೆಗೆ ಇನ್ನೊಂದು ಹಗ್ಗವನ್ನೂ ಕಟ್ಟಿ ಎಳೆದು ಒಳಗೆ ಬಿಟ್ಟುಹೋಗಬೇಕು, ಅವನ ನಂತರ ಬರುವವನಿಗೆ. ಭಾವನವರ ಕಾಲದಿಂದಲೂ ನಮ್ಮಲ್ಲಿ ಅದೇ ಪದ್ಧತಿ.

"ನಾಳೆ ಬರೋದು ಆ ದೊಡ್ಡ ಕಂಪನಿಯವರು. ಅವರಿಗೂ ಹಗ್ಗ ಇಡ್ತಿದ್ದೀಯಲ್ಲ" ಎಂದೆ.

"ಹೂಂ. ಆ ಗಂಟು ಬಿಗಿಯಾಗಿ ಹಾಕು" ಎಂದಳು.

ರೋಲರ್ ಉರುಳಿತು, ರಸ್ತೆ ಕಪ್ಪಗೆ ಹೊಳೆಯಿತು. ಮೊದಲ ಮನೆಗೆ ದೀಪ ಹತ್ತಿದ ದಿನವೇ ನಮ್ಮ ನೆಟ್ ಓಡಿತು. ಕೆಲವು ಮನೆಯವರು ನಮ್ಮಲ್ಲಿ ಸೇರಿದರು. ಆಮೇಲೆ ದೊಡ್ಡ ಕಂಪನಿಯವರೂ ಬಂದರು. ಅವರಿಗೆ ಗುಂಡಿ ಎಲ್ಲಿದೆಯೆಂದು ತೋರಿಸಿ, ಮುಚ್ಚಳ ಎತ್ತಿ, ಹಗ್ಗದ ತುದಿಯನ್ನು ಕೈಗೆ ಕೊಟ್ಟು ಬಂದವಳು ಅಕ್ಕನೇ. ಮೊದಲ ಮೂರು ತಿಂಗಳು ಪುಕ್ಕಟೆ ಎಂದು ಅವರು ಬೋರ್ಡು ಹಾಕಿದರು. ಮೊದಲು ಹೋಗಿ ಅವರಲ್ಲಿ ಸೇರಿದವರು ಯಾರು ಗೊತ್ತೇ? ದೂರಿನ ಮೇಷ್ಟ್ರು! ಹೊಸ ಮನೆಗೆ ಬಂದವರು ನಮ್ಮನ್ನು ಕರೆಯದೆ ನೇರವಾಗಿ ಅವರಲ್ಲಿ ಸೇರಿದ್ದಲ್ಲದೆ ನನಗೆ ಫೋನ್ ಮಾಡಿ, "ಬಿಟ್ಟು ಹೋಗಬಹುದು ಅಂತ ನಿಮ್ಮಕ್ಕನೇ ಅಂದಿದ್ದಳಲ್ಲ, ಹೋದೆ ಕಣಮ್ಮ" ಎಂದರು.

ನಾನು ಅತ್ತುಬಿಟ್ಟೆ. ಅವಮಾನಕ್ಕೋ ಸಿಟ್ಟಿಗೋ ನನಗೇ ಗೊತ್ತಾಗಲಿಲ್ಲ. ಅವರ ಹಿಂದೆ ಇನ್ನೂ ಹಲವರು ಹೋದರು. ಆ ತಿಂಗಳುಗಳಲ್ಲಿ ಫೋನು ಎಷ್ಟು ಮೌನವಾಗಿತ್ತೆಂದರೆ ಕೆಟ್ಟಿದೆಯೇನೋ ಎಂದು ನಾನೇ ಮೊಬೈಲಿನಿಂದ ಕರೆ ಮಾಡಿ ನೋಡುತ್ತಿದ್ದೆ. ಅಕ್ಕ ಮೊದಲಿನ ಹಾಗೆಯೇ ಬೆಳಿಗ್ಗೆ ಸ್ಕೂಟರ್ ಹತ್ತಿ ಇದ್ದ ಮನೆಗಳನ್ನು ಸುತ್ತಿ ಬರುತ್ತಿದ್ದಳು. ಕರೆಯದಿದ್ದರೂ ಹೋಗಿ "ಸರಿಯಾಗಿದೆಯಾ?" ಎಂದು ಕೇಳುತ್ತಿದ್ದಳು. ಅವಳಿಗೂ ಭಯವಿತ್ತು. ರಾತ್ರಿ ಊಟ ಅರ್ಧಕ್ಕೆ ಬಿಡುತ್ತಿದ್ದಳು, ನನಗೆ ಕಾಣುತ್ತಿತ್ತು. ಆದರೆ ಒಂದು ದಿನವೂ "ತಪ್ಪು ಮಾಡಿದೆ" ಎನ್ನಲಿಲ್ಲ, ನನಗೂ ಅನ್ನುವ ಧೈರ್ಯವಾಗಲಿಲ್ಲ.

ಒಂದು ಬೆಳಿಗ್ಗೆ ಫೋನ್ ಬಡಿದುಕೊಂಡಿತು.

"ಏನಮ್ಮಾ, ನಾಲ್ಕು ದಿನದಿಂದ ನೆಟ್ ಸತ್ತು ಬಿದ್ದಿದೆ! ಏನು ಮಾಡ್ತಿದ್ದೀರಿ ನೀವೆಲ್ಲ?"

ಆ ಗಂಟಲನ್ನು ಎಲ್ಲಿದ್ದರೂ ಗುರುತಿಸುತ್ತೇನೆ. "ಮೇಷ್ಟ್ರೇ, ನಿಮ್ಮದು ನಮ್ಮ ನೆಟ್ ಅಲ್ಲವಲ್ಲ" ಎಂದೆ.

"ಗೊತ್ತಮ್ಮ! ಅವರಿಗೆ ಬೈಯೋಣ ಅಂದ್ರೆ ಅಲ್ಲಿ ಮನುಷ್ಯರೇ ಇಲ್ಲ. ಒಂದು ಒತ್ತಿ, ಎರಡು ಒತ್ತಿ ಅಂತ ಒಂದು ಮಿಷನ್ನು ಹೇಳ್ತಾ ಇದೆ. ಬೈಯೋಕೆ ಯಾವುದು ಒತ್ತಬೇಕು ಅಂತ ಹೇಳೋದೇ ಇಲ್ಲ. ನಿಮ್ಮಕ್ಕನ್ನ ಕಳಿಸು."

ಫೋನ್ ಇಟ್ಟು ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ, ಹೆಲ್ಮೆಟ್ ತೆಗೆದುಕೊಂಡಳು. ನಾನೂ ಹಿಂದೆ ಕೂತೆ. ವೈರಿನ ಉರುಳೆ ಹೊತ್ತು ನನ್ನ ಗಂಡ ನಮ್ಮ ಬೆನ್ನಿಗೇ ಬಂದರು. ಈ ಆಟವನ್ನು ಕಣ್ಣಾರೆ ನೋಡದೆ ಬಿಡುವವಳಲ್ಲ ನಾನು.

ಮೇಷ್ಟ್ರ ಗೋಡೆಯ ಎರಡನೇ ತೆಳ್ಳನೆಯ ಪೈಪಿನಲ್ಲಿ ನಾವು ಕಟ್ಟಿದ್ದ ಹಗ್ಗ ಹಾಗೆಯೇ ಇತ್ತು. ನನ್ನ ಗಂಡ ರಸ್ತೆಯ ಗುಂಡಿಯ ಬಳಿ ಅದರ ತುದಿಗೆ ನಮ್ಮ ವೈರು ಕಟ್ಟಿದರು, ಜೊತೆಗೆ ಇನ್ನೊಂದು ಹಗ್ಗವನ್ನೂ ಕಟ್ಟಿದರು. ಅಕ್ಕ ಮನೆಯೊಳಗೆ ಕೂತು ಎಳೆದಳು. ಮಧ್ಯಾಹ್ನದೊಳಗೆ ಮೇಷ್ಟ್ರ ಮನೆಯಲ್ಲಿ ದೀಪಗಳು ಮಿಣಮಿಣ ಎಂದವು. ನನಗೆ ಒಂದು ಆಸೆಯಿತ್ತು. ಈಗಲಾದರೂ ಆ ಮುದುಕ ಸ್ವಲ್ಪ ನಕ್ಕು, ನಿಮ್ಮ ಋಣ ತೀರಿಸಲಾರೆ ಅನ್ನಲಿ ಎಂದು. ಅವರು ಕನ್ನಡಕ ಏರಿಸಿ ಗೋಡೆ ನೋಡಿದರು.

"ಡಬ್ಬಿ ಸೊಟ್ಟಗಿದೆ."

ಅಕ್ಕ ಮೊಳೆ ಸಡಿಲಿಸಿ ನೆಟ್ಟಗೆ ಮಾಡಿದಳು.

"ಸುಣ್ಣ ಉದುರಿದೆ. ಯಾರು ಗುಡಿಸ್ತಾರೆ?"

ಅಕ್ಕ ಪೊರಕೆ ಕೇಳಿ ಗುಡಿಸಿದಳು. ನಾನು ಹಲ್ಲು ಕಡಿಯುತ್ತ ಅವಳ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಅವಳ ಮುಖ ಅಷ್ಟು ಹಗುರಾಗಿದ್ದುದನ್ನು ನಾನು ಕಂಡಿರಲಿಲ್ಲ. ಬಿಂದಿಗೆ ಹಿಡಿದು ನಗುತ್ತಿದ್ದ ಅವಳ ತಾಯಿ ಆಗ ನನಗೆ ನೆನಪಾದಳು. ಇಲ್ಲಿ ನಗುವ ಅಗತ್ಯ ಯಾರಿಗೂ ಇರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನಾವು ಗೇಟು ದಾಟುತ್ತಿರುವಾಗ ಹಿಂದಿನಿಂದ ಮೇಷ್ಟ್ರ ಕೂಗು ಬಂತು. "ಸರಿಯಾಗಿ ನಡೀದಿದ್ರೆ ನಾಳೆನೇ ಬಿಟ್ಟು ಹೋಗ್ತೀನಿ, ಹೇಳಿದ್ದೀನಿ!"

"ಹೋಗಿ ಮೇಷ್ಟ್ರೇ. ಹಗ್ಗ ಒಳಗೇ ಇದೆ" ಎಂದು ಹೇಳಿ ಅಕ್ಕ ಸ್ಕೂಟರಿನ ಕಿಕ್ಕರ್ ಒದ್ದಳು.